ಈಜುಕೊಳದ ಪಕ್ಕದ ಮದುವೆ ಮನೆ

ಮದುವೆ ಕಾರ್ಡಿಗೆ ವಿಳಾಸ ಬರೆಸುವಾಗ ಯಾರೂ ಸುಳ್ಳು ಹೇಳುವುದಿಲ್ಲ. ನೆಂಟರು ದಾರಿ ತಪ್ಪಿದರೆ ಮಾಡಿದ ಅಡುಗೆಯೂ ಉಳಿಯುತ್ತದೆ, ಬೀಗರಿಂದ ಮಾತೂ ಬರುತ್ತದೆ. ಆದ್ದರಿಂದಲೇ ಮಗಳ ಮದುವೆ ಕಾರ್ಡು ಮಾಡಿಸಲು ಬಂದ ಓಬಯ್ಯ ಹೇಳಿದ ವಿಳಾಸ ಕೇಳಿ ಮುರುಗೇಶನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

“ಇನ್ನೊಂದ್ಸಲ ಹೇಳ್ರಿ.”

“ವಧುವಿನ ಮನೆ, ಈಜುಕೊಳದ ಪಕ್ಕ, ತಾರಾಮಂಡಲ ನಗರ, ನನ್ನಿವಾಳ ದಾರಿ. ಅಷ್ಟು ಹಾಕ್ರಿ ಸಾ, ಸಾಕು. ನಮ್ಮ ಕಡೆ ಯಾರನ್ನ ಕೇಳಿದ್ರೂ ತೋರಿಸ್ತಾರೆ.”

ಚಳ್ಳಕೆರೆಯ ಆ ಪ್ರಿಂಟಿಂಗ್ ಅಂಗಡಿಯಲ್ಲಿ ಮುರುಗೇಶ ಎಂತೆಂಥ ವಿಳಾಸ ಅಚ್ಚು ಹಾಕಿದ್ದನೋ ಲೆಕ್ಕವಿಲ್ಲ. ಆದರೆ ತಾರಾಮಂಡಲ ನಗರ ಎಂಬ ಊರೇ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಊರನ್ನು ಕೂತು ಬರೆದವನೇ ಅವನು.

ಹನ್ನೆರಡು ವರ್ಷದ ಹಿಂದಿನ ಮಾತು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳು ಬರುತ್ತವೆ, ವರವು ಕಾವಲಿನ ಹುಲ್ಲುಗಾವಲಿನಲ್ಲಿ ವಿಮಾನ ಹಾರುತ್ತವೆ ಎಂದು ಊರೆಲ್ಲ ಅದೇ ಸುದ್ದಿ. ಅಂಗೈಯಗಲ ನೆಲ ಇದ್ದವರೂ ಸೈಟು ಸೈಟು ಎನ್ನತೊಡಗಿದ್ದರು. ಎಲ್ಲಿಂದಲೋ ಒಂದು ಕಂಪನಿ ಬಂತು. ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಮನೆ ನಕ್ಷೆ ಬರೆದುಕೊಂಡಿದ್ದ ಇಪ್ಪತ್ತಾರರ ಮುರುಗೇಶನಿಗೆ ಇಡೀ ಒಂದು ಊರನ್ನೇ ಬರೆಯಲು ಹೇಳಿತು. ಹದಿನೆಂಟು ದಿನ ಅವನು ಊಟ ನಿದ್ದೆ ಮರೆತ. ರಸ್ತೆ ಎಳೆದ, ಕ್ಲಬ್ ಹೌಸ್ ಇಟ್ಟ, ಲೈಬ್ರರಿ ಇಟ್ಟ, ಪಾರ್ಕು, ಆಸ್ಪತ್ರೆ, ಈಜುಕೊಳ ಎಲ್ಲ ಇಟ್ಟ. ಜಾಗಕ್ಕೆ ಮಾತ್ರ ಒಂದು ದಿನವೂ ಹೋಗಲಿಲ್ಲ. ಹುಡುಗಿಯ ಮುಖ ನೋಡದೆ ತಾಳಿ ಕಟ್ಟಿದ ಹಾಗಾಯಿತು.

ಕಂಪನಿ ತಗಡಿನ ಬೋರ್ಡಿನ ಮೇಲೆ ಆ ನಕ್ಷೆಯನ್ನು ದೊಡ್ಡದಾಗಿ ಬರೆಸಿ ನಿಲ್ಲಿಸಿತು, ಕಲ್ಲು ನೆಟ್ಟಿತು, ಬಂದವರಿಗೆ ತೋರಿಸಲು ಜೆಸಿಬಿ ತಂದು ಈಜುಕೊಳದ ಗುಂಡಿಯನ್ನಷ್ಟೇ ತೋಡಿತು. ಪರವಾನಗಿ ಬರಲಿಲ್ಲ. ಒಂದು ಸೋಮವಾರ ಕಚೇರಿಗೆ ಬೀಗ ಬಿದ್ದಿತ್ತು. ಮುಂಗಡ ಕೊಟ್ಟವರ ಕೈಗೆ ಕಂಪನಿ ಸಿಗಲಿಲ್ಲ, ಮುರುಗೇಶ ಸಿಕ್ಕ. ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರಿತ್ತು. ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅಂದಿನಿಂದ ಅವನು ಒಂದು ಬಚ್ಚಲುಮನೆಯ ನಕ್ಷೆಯನ್ನೂ ಬರೆದವನಲ್ಲ. ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಇಷ್ಟರಲ್ಲೇ ದಿನ ತಳ್ಳಿದ. ಮನಸ್ಸಿಟ್ಟು ಮಾಡಿದ ಒಂದೇ ಕೆಲಸ ಸುಳ್ಳಾಯಿತಲ್ಲ ಎಂಬ ಕೊರಗು ಮಾತ್ರ ಒಳಗೇ ಕೂತಿತ್ತು.

ಈಗ ನೋಡಿದರೆ ಆ ಸುಳ್ಳಿನ ಪಕ್ಕದಲ್ಲಿ ಮದುವೆ ಚಪ್ಪರ!

“ಕಾರ್ಡಿನ ಹಿಂದೆ ದಾರಿ ನಕ್ಷೆ ಹಾಕೋಣ. ಭಾನುವಾರ ಬಂದು ಒಮ್ಮೆ ನೋಡ್ತೀನಿ,” ಎಂದ. ನಕ್ಷೆ ಎಂಬುದೆಲ್ಲ ಬರೀ ನೆಪ. ತನ್ನ ಊರಲ್ಲಿ ಯಾರಿದ್ದಾರೆ ಎಂದು ನೋಡದಿದ್ದರೆ ಅವನಿಗೆ ಅನ್ನ ಇಳಿಯುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೈಕು ಹತ್ತಿದ. ನನ್ನಿವಾಳದ ದಾರಿ ಬಿಟ್ಟು ಮಣ್ಣುಹಾದಿಗೆ ಇಳಿದ ಮೇಲೆ ಕುರಿ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ಓಬಯ್ಯನ ಮನೆ ಎಲ್ಲಿ ಎಂದು ಕೇಳಿದ.

“ಸೀದಾ ಹೋಗಪ್ಪ. ಕ್ಲಬ್ಬೌಸು ದಾಟಿದ ಮ್ಯಾಲೆ ಲೈಬ್ರರಿ ಹತ್ರ ಎಡಕ್ಕೆ ತಿರುಗು. ಲೈಬ್ರರೀಲಿ ಜಾಲಿಮುಳ್ಳು ಬಾಳ ಐತೆ, ಗಾಡಿ ಹುಷಾರು.”

ಹೀಗೆ ಹೇಳಿ ಅವಳು ಕುರಿಯ ಹಿಂದೆ ಹೊರಟಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕ್ಲಬ್ ಹೌಸ್ ಎಂದರೆ ಒಂದು ಕಲ್ಲುಗುಡ್ಡೆ, ಮೇಲೆ ನಾಲ್ಕು ಮೇಕೆ. ಲೈಬ್ರರಿಯಲ್ಲಿ ಮುಳ್ಳಿತ್ತು, ಅವಳು ಹೇಳಿದಷ್ಟೇ ಇತ್ತು. ಆದರೆ ನಕ್ಷೆಯಲ್ಲಿ ಕ್ಲಬ್ ಹೌಸಿನಿಂದ ಲೈಬ್ರರಿಗೆ ಎಷ್ಟು ದೂರ ಎಂದು ಮುರುಗೇಶನಿಗೆ ನೆನಪಿತ್ತು. ಬೈಕಿನ ಮೀಟರು ನೋಡಿದ. ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಅವನಿಗೆ ನಗು ಬಂತು.

ಈಜುಕೊಳದಲ್ಲಿ ನೀರಿತ್ತು. ಕೆಂಪು ನೀರು, ದಡದ ತುಂಬ ಕುರಿಗೊರಸಿನ ಗುರುತು. ಆಚೆ ದಡದ ಮೇಲೆ ಪುಟ್ಟ ಪುಟ್ಟ ಮನೆಗಳ ಹಟ್ಟಿ, ಬೇವಿನ ಮರ, ಮರದ ಕೆಳಗೆ ಓಬಯ್ಯನ ತಾಯಿ ಬೋರಕ್ಕ.

“ರಾ ನಾಯನಾ, ಬಾ ಕೂಕೋ. ಊರು ಬರ್ದೋನು ನೀನೇ ಅಂತಲ್ಲ?”

ಅಂಗಡಿಯಲ್ಲಿ ಮುರುಗೇಶ ಓಬಯ್ಯನಿಗೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಬೈಗುಳಕ್ಕೆ ತಯಾರಾಗಿ ಕೂತ. ಬೈಗುಳದ ಬದಲು ಮಜ್ಜಿಗೆ ಬಂತು. ತಂದುಕೊಟ್ಟವಳು ಮದುವಣಗಿತ್ತಿ ಶೃತಿ.

“ಹೆಸರೆಲ್ಲ ಇಟ್ಟೋಳು ಇವ್ಳೇ,” ಎಂದು ಬೋರಕ್ಕ ಮೊಮ್ಮಗಳನ್ನು ತೋರಿಸಿದಳು. “ನಮಗೆ ಓದಾಕೆ ಬರ್ತಿರ್ಲಿಲ್ಲ. ಇವ್ಳು ಇಸ್ಕೂಲಿಗೆ ಹೋಗ್ತಾ ಬೋರ್ಡು ಓದಿ ಬಂದು ಹೇಳೋಳು. ಕುರಿ ಎಲ್ಲಿದಾವೆ ಅಂದ್ರೆ ಹೇಳಾಕೆ ಒಂದು ಹೆಸರು ಬೇಕಲ್ಲಪ್ಪ. ಪಾರ್ಕಿನಾಗೆ ಅಂದ್ರೆ ಪಾರ್ಕಿನಾಗೆ.”

“ಈ ಗುಂಡಿ ಮಾತ್ರ ಬಲು ಚೆಂದ ಜಾಗ್ದಾಗೆ ತೋಡಿಸಿದ್ರಿ ಸಾ,” ಎಂದ ಓಬಯ್ಯ. “ಒಂದು ಮಳೆ ಬಿದ್ರೆ ಸಾಕು, ಮೂರು ತಿಂಗಳು ನಿಲ್ತೈತೆ.”

ಅದು ಮುರುಗೇಶನಿಗೆ ನೆನಪಿತ್ತು. ಕೊಳ ಗೇಟಿನ ಹತ್ತಿರವೇ ಇರಲಿ ಎಂದು ಮ್ಯಾನೇಜರು ಹಟ ಹಿಡಿದಿದ್ದ. ಹಳೆಯ ಗ್ರಾಮನಕ್ಷೆಯಲ್ಲಿ ಇಲ್ಲಿ ಹಳ್ಳದ ಗೆರೆಯೊಂದು ಹಾಯ್ದಿತ್ತು. ನೀರು ಬರುವ ಕಡೆಗೇ ನೀರಿಡೋಣ ಎಂದು ಮುರುಗೇಶ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಹಾಗಾದರೆ ಪೂರ್ತಿ ಸುಳ್ಳಲ್ಲ! ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

ಅಷ್ಟರಲ್ಲಿ ಬೋರಕ್ಕ ಮುಂದಕ್ಕೆ ಬಾಗಿದಳು.

“ನನ್ನ ತಲೆಯಾಗೆ ಒಂದು ಹುಳ ಹೊಕ್ಕೈತೆ ನಾಯನಾ. ಬೋರ್ಡಿಗೆ ಎರಡು ತಗಡು. ನಿಲ್ಲಿಸಿದ ಹದಿನೈದು ದಿನಕ್ಕೇ ಕೆಳಗಿಂದು ಆಷಾಢದ ಗಾಳೀಗೆ ಹಾರೋಯ್ತು. ಎಲ್ಲಿ ಹುಡುಕಿದ್ರೂ ಸಿಗ್ಲಿಲ್ಲ. ಅದ್ರಾಗೆ ಏನಿತ್ತು?”

“ನಾನು ದಿನಕ್ಕೆ ಒಂದೇ ಹೆಸರು ಓದ್ತಿದ್ದೆ ಅಂಕಲ್,” ಎಂದಳು ಶೃತಿ, ಇವತ್ತಿಗೂ ಅದು ತನ್ನದೇ ತಪ್ಪೆಂಬಂತೆ. “ಆಸ್ಪತ್ರೆ ತನಕ ಬಂದಿದ್ದೆ ಅಷ್ಟೇ.”

ಮೇಲಿನ ತಗಡಿನ ಜಾಗಕ್ಕೆಲ್ಲ ಹೆಸರಿತ್ತು. ಕೆಳಗಿನ ತಗಡಿನದು, ಅಂದರೆ ಈ ಹಟ್ಟಿ ಇರುವ ಕಡೆಯದು, ಏನೆಂದು ಯಾರಿಗೂ ತಿಳಿಯದು. ಗುಡಿ ಇತ್ತು ಎಂದು ಬೋರಕ್ಕನ ವಾದ. ಸಿನಿಮಾ ಟಾಕೀಸು ಎಂದು ಓಬಯ್ಯ. ಕಾಲೇಜು ಎಂದು ಶೃತಿ. ಹನ್ನೆರಡು ವರ್ಷದಿಂದ ಮನೆಯಲ್ಲಿ ಇದೇ ಜಗಳ. ಪೂರ್ತಿ ನಕ್ಷೆಯನ್ನು ಫ್ಲೆಕ್ಸು ಮಾಡಿಸಿ ಚಪ್ಪರದ ಮುಂದೆ ಕಟ್ಟಬೇಕು, ಸಿದ್ದಾಪುರದಿಂದ ಬರುವ ಗಂಡಿನ ಕಡೆಯವರು ನೋಡಬೇಕು ಎಂದು ಓಬಯ್ಯನ ಆಸೆ.

“ಮನೇಲಿ ನಕ್ಷೆ ಐತೆ. ನೋಡಿ ಹೇಳ್ತೀನಿ,” ಎಂದು ಮುರುಗೇಶ ಎದ್ದ. “ಹಟ್ಟೀಲಿ ಎಷ್ಟು ಮನೆ?”

“ಹನ್ನೆರಡು,” ಎಂದ ಓಬಯ್ಯ. “ನಮ್ಮಜ್ಜನ ಕಾಲದಿಂದ ಹನ್ನೊಂದೇ ಇದ್ದಿದ್ದು. ಹೋದ ವರ್ಷ ದೊಡ್ಡೀರಪ್ಪ ಬೇರೆ ಮನೆ ಕಟ್ಟಿದ.”

ಮನೆಗೆ ಬಂದವನೇ ಅಟ್ಟದಿಂದ ನಕ್ಷೆಯ ಸುರುಳಿ ಇಳಿಸಿದ. ಹೆಂಡತಿ ಶೈಲಜಾ ಒಂದು ತುದಿ ಹಿಡಿದುಕೊಂಡಳು. ಕೆಳಗಿನ ಅರ್ಧದಲ್ಲಿ ಗುಡಿಯಿಲ್ಲ, ಟಾಕೀಸಿಲ್ಲ, ಕಾಲೇಜಿಲ್ಲ. ಕೊಳದ ಪಕ್ಕ ಸಾಲುಸಾಲು ಗೆರೆ, ನಡುವೆ ಅವನದೇ ದುಂಡಗಿನ ಅಕ್ಷರ: ‘ವಾಹನ ನಿಲುಗಡೆ, 120 ಕಾರು.’

ಸುರುಳಿಯೊಳಗೆ ಹಳೆಯ ಗ್ರಾಮನಕ್ಷೆಯ ಪ್ರತಿಯೂ ಇತ್ತು. ಹಳ್ಳದ ಗೆರೆಯ ಬದಿಗೆ ಎಳ್ಳುಕಾಳಿನಂಥ ಕಪ್ಪು ಚುಕ್ಕಿಗಳು. ಮುರುಗೇಶ ಎಣಿಸಿದ. ಹನ್ನೊಂದು. ಇನ್ನೊಮ್ಮೆ ಎಣಿಸಿದ. ಅಂದು ಇವನ್ನು ಕಂಡು, ಜೆರಾಕ್ಸ್ ಗಾಜಿನ ಮೇಲಿನ ಕಸ ಬಿದ್ದಿದೆ ಎಂದುಕೊಂಡು, ಕಂಪ್ಯೂಟರಿನಲ್ಲಿ ಒಂದೊಂದಾಗಿ ಒರೆಸಿದ್ದು ಅವನೇ. ನಕ್ಷೆ ಎಷ್ಟು ಸ್ವಚ್ಛವಾಯಿತು ಎಂದು ಮ್ಯಾನೇಜರು ಬೆನ್ನು ಚಪ್ಪರಿಸಿದ್ದ.

“ಮನೆಗಳನ್ನ ಕಸ ಅನ್ಕೊಂಡ್ರಾ?” ಎಂದಳು ಶೈಲಜಾ. ಅವನ ಮುಖ ನೋಡಿ ದನಿ ತಗ್ಗಿಸಿದಳು. “ಹೋಗ್ಲಿ ಬಿಡ್ರಿ. ಹಾರಿ ಹೋದ ತಗಡು, ಯಾರು ನೋಡಿದಾರೆ? ಗುಡಿ ಇತ್ತು ಅಂದುಬಿಡ್ರಿ. ಅಜ್ಜಿ ಖುಷಿ ಪಡ್ತಾಳೆ.”

ಅದು ಸುಲಭವಿತ್ತು. ಒಂದು ಗುಡಿ ಬರೆಯಲು ಐದು ನಿಮಿಷ ಬೇಡ. ಮುರುಗೇಶ ಕಂಪ್ಯೂಟರ್ ಮುಂದೆ ಕೂತು ಗೋಪುರದ ಎರಡು ಗೆರೆಯನ್ನೂ ಎಳೆದ. ಆಮೇಲೆ ಅಳಿಸಿದ. ಕುರಿ ಕಾಯುವವರು ಹನ್ನೆರಡು ವರ್ಷ ಅವನ ಸುಳ್ಳನ್ನು ಬಳಸಿ ಬಳಸಿ ನಿಜ ಮಾಡಿಕೊಂಡಿದ್ದರು. ಅವರಿಗೆ ಮತ್ತೊಂದು ಸುಳ್ಳು ಕೊಡಲು ಅವನಿಗೆ ಮನಸ್ಸೇ ಬರಲಿಲ್ಲ.

ಮಂಗಳವಾರ ಅಂಗಡಿಗೆ ಬೀಗ ಹಾಕಿ ಸುರುಳಿಯನ್ನೂ ಒಂದು ಬಿಳಿಹಾಳೆಯನ್ನೂ ಹಿಡಿದು ಹಟ್ಟಿಗೆ ಹೋದ. ಬೇವಿನ ಕೆಳಗೆ ನಕ್ಷೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟ. ಮನೆಯವರೆಲ್ಲ ಸುತ್ತ ಬಗ್ಗಿದರು.

“ಗುಡಿ ಎಲ್ಲೈತೆ?” ಎಂದಳು ಬೋರಕ್ಕ.

“ಗುಡಿ ಇಲ್ಲವ್ವ. ಇಲ್ಲಿ, ನಿಮ್ಮ ಹಟ್ಟಿ ಇರೋ ಜಾಗದಲ್ಲಿ, ಕಾರು ನಿಲ್ಲಿಸೋ ಜಾಗ ಬರ್ದಿದ್ದೆ.”

ಓಬಯ್ಯನ ಮುಖ ಸಣ್ಣದಾಯಿತು. ಶೃತಿ ಅಜ್ಜಿಯ ಮುಖ ನೋಡಿದಳು. ಬೋರಕ್ಕ ತಲೆ ಎತ್ತದೆಯೇ ಕೇಳಿದಳು.

“ನಮ್ಮನ್ನ ಎಲ್ಲಿಗೆ ಕಳಿಸಿದ್ದೆ?”

“ಎಲ್ಲಿಗೂ ಇಲ್ಲ. ನೀವಿದ್ದೀರಿ ಅಂತ ಗೊತ್ತಾಗಿದ್ದೇ ಮೊನ್ನೆ ಭಾನುವಾರ.” ಅವನು ಹಳೆಯ ಪ್ರತಿಯನ್ನು ಮುಂದಿಟ್ಟ. “ಸರ್ಕಾರದ ನಕ್ಷೇಲಿ ನೀವಿದ್ರಿ. ಈ ಚುಕ್ಕಿ ನೋಡ್ರಿ. ಕಸ ಅಂತ ತಿಳ್ಕೊಂಡು ನಾನೇ ಒರೆಸಿದೆ. ತಪ್ಪಾಯ್ತವ್ವ.”

ಬೋರಕ್ಕ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು.

“ಇದ್ರಾಗೆ ನಮ್ಮನೆ ಯಾವ್ದು?”

ಮುರುಗೇಶ ಹಳ್ಳದಿಂದ ಎಣಿಸಿ ಮೂರನೆಯದನ್ನು ತೋರಿಸಿದ. ಅವಳು ಅದರ ಮೇಲೆ ಬೆರಳಿಟ್ಟಳು. ಬೆರಳಿನಡಿ ಅರ್ಧ ಹಟ್ಟಿಯೇ ಮುಚ್ಚಿಹೋಯಿತು.

“ಒರೆಸಿದ್ರೂ ನಾವು ಹೋಗ್ಲಿಲ್ಲ ನೋಡು,” ಎಂದಳು.

ಮುರುಗೇಶ ಕಣ್ಣು ತುಂಬಿದ್ದನ್ನು ಮುಚ್ಚಲು ಕಲ್ಲು ಸರಿಪಡಿಸುವವನಂತೆ ಬಗ್ಗಿದ. ಬೋರಕ್ಕನೇ ಕೇಳಿದಳು.

“ಎಷ್ಟು ಕಾರು ಅಂದೆ?”

“ನೂರಿಪ್ಪತ್ತು.”

“ಬೀಗರು ಬರೋದು ಒಂದೇ ಟೆಂಪೋನಾಗೆ. ಉಳಿದ ಜಾಗ ಏನ್ ಮಾಡಾನ?” ಎಂದು ಅವಳು ನಕ್ಕಾಗ ಓಬಯ್ಯನೂ ನಕ್ಕ, ಶೃತಿಯಂತೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ನಿಂತ ಮೇಲೆ ಬೋರಕ್ಕ ಬಿಳಿಹಾಳೆಯ ಕಡೆ ಕೈ ತೋರಿಸಿದಳು. “ಈಗ ಬರಿ. ಈ ಸಲ ನೋಡ್ಕಂಡು ಬರಿ.”

ಅವನು ಸಂಜೆಯ ತನಕ ಬರೆದ. ಪ್ರತಿ ಮನೆಯ ಮುಂದೂ ನಿಂತು ಬಾಗಿಲು ಯಾವ ದಿಕ್ಕಿಗೆ ಎಂದು ನೋಡಿದ, ಹೆಜ್ಜೆ ಹಾಕಿ ಅಳೆದ. ಹನ್ನೆರಡು ಮನೆ, ಬೇವಿನ ಮರ, ಕುರಿ ಕೂಡುವ ರೊಪ್ಪ. ಕ್ಲಬ್ ಹೌಸು, ಲೈಬ್ರರಿ, ಪಾರ್ಕು, ಆಸ್ಪತ್ರೆ ಇದ್ದಲ್ಲೇ ಇದ್ದವು, ಅವನ್ನು ತೆಗೆದರೆ ಜನಕ್ಕೆ ದಾರಿ ತಿಳಿಯಬೇಕಲ್ಲ. ಲೈಬ್ರರಿಯ ಪಕ್ಕ ‘ಮುಳ್ಳಿದೆ’ ಎಂದು ಶೃತಿ ಬರೆಸಿದಳು. ಮಣ್ಣುಹಾದಿಯ ಬದಿಗೆ ಒಂದು ಟೆಂಪೋ ನಿಲ್ಲುವಷ್ಟು ಜಾಗವನ್ನೂ ಗುರುತು ಮಾಡಿದ.

ಓಬಯ್ಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಎಲ್ಲಾ ಬಂತು ಸಾ. ಮೂಲೇಲಿ ನಿಮ್ಮ ಹೆಸರೇ ಇಲ್ಲ?”

“ಅದು ಬೇಡ ಬಿಡ್ರಿ.”

“ಯಾಕೆ ಬ್ಯಾಡ?” ಎಂದಳು ಬೋರಕ್ಕ. “ಹಾಕು. ನಾಳೆ ಬೀಗರು ದಾರಿ ತಪ್ಪಿದ್ರೆ ಯಾರನ್ನ ಬೈಬೇಕು ಅಂತ ನಮಗೆ ಗೊತ್ತಿರ್ಬೇಕಲ್ಲ.”

ಮುರುಗೇಶ ಪೆನ್ಸಿಲ್ ಚೂಪು ಮಾಡಿ, ಬಲಗಡೆಯ ಕೆಳಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಬರೆದ.