ಸೊಂಟದಡಿಯ ಕೈ

"ತಲೆ ಕಡೆ ಸರಿಯಾಗಿ ಹಿಡ್ಕೊಳ್ರಪ್ಪ, ಬೆಂಚು ಅಲ್ಲಾಡ್ತಿದೆ," ಎಂದು ಡ್ರೈವರ್ ಕೆಲಸದ ಅಪ್ಪ ಕೂಗುತ್ತಿದ್ದಂತೆ ನಾಲ್ವರು ಸೇರಿ ಅವನ ಹೆಂಡತಿಯ ದೇಹವನ್ನು ನಡುಮನೆಯ ಬೆಂಚಿನ ಮೇಲೆ ಮಲಗಿಸಿದರು. ಕೈಕೊಡಲು ಬಗ್ಗಿದ ಮಗಳು ಅರ್ಧಕ್ಕೇ ನಿಂತುಬಿಟ್ಟಳು. ಸೊಂಟದಲ್ಲಿ ಎದ್ದ ನೋವು ಕೆಳಹೊಟ್ಟೆಯನ್ನು ಬಳಸಿ ತೊಡೆಗಿಳಿಯಿತು. ಗೋಡೆ ಹಿಡಿದುಕೊಂಡಳು.

ಸತ್ತವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು, ಬೀದಿಗೆಲ್ಲ ಇಸ್ತ್ರಿಯಮ್ಮ. ನಿನ್ನೆ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಸಾಯುವುದಕ್ಕೂ ರಜೆ ಹಾಕದ ಜೀವ ಅದು.

"ಕೂತ್ಕೊಳೇ," ಎಂದಳು ಚಿಕ್ಕಮ್ಮ.

"ಕೂತ್ರೆ ಏಳಕ್ಕಾಗಲ್ಲ ಚಿಕ್ಕಮ್ಮ."

"ನಿಂತಾದ್ರೂ ಇರ್ತೀಯಾ?"

"ಅದೂ ಆಗಲ್ಲ."

ಚಿಕ್ಕಮ್ಮ ಆಚೀಚೆ ನೋಡಿ ಪರ್ಸಿನಿಂದ ಮಾತ್ರೆಯೊಂದನ್ನು ತೆಗೆದಳು. "ನನ್ನ ಮಂಡಿ ಆಪರೇಷನ್ನಿಗೆ ಕೊಟ್ಟಿದ್ದು ಮಿಕ್ಕಿದೆ. ನೀನು ಮುಂಚೆ ತಗೋತಿದ್ಯಲ್ಲ, ಅದೇ. ಇವತ್ತೊಂದಿನ ನುಂಗು. ನಿಮ್ಮಮ್ಮನ್ನ ಕಳಿಸಿಕೊಡಬೇಕಲ್ವೇನೇ?"

ಮಗಳು ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕೈ ಮುಂದೆ ಹೋಗಿತ್ತು.

*

ಆಫೀಸಿನ ಮೆಟ್ಟಿಲಿನಿಂದ ಬಿದ್ದ ವರ್ಷ ಶುರುವಾದ ಮಾತ್ರೆ ಅದು. ಮೊದಲು ನೋವಿಗೆ, ಆಮೇಲೆ ನಿದ್ದೆಗೆ, ಕೊನೆಗೆ ಬೆಳಗಾದದ್ದಕ್ಕೇ. ಕೆಲಸ ಹೋಯಿತು. ತೂಕಡಿಸುತ್ತ ಉರಿಯುವ ಒಲೆಯ ಮೇಲೆ ಕೈಯೂರಿದ ದಿನ ಅಮ್ಮ ಅವಳನ್ನು ಬೇರೆ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಅವರು ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಬದಲಿಗೆ ಶಾಖ, ನಡಿಗೆ, ಹೊಟ್ಟೆಯ ತಳದಿಂದ ಉಸಿರಾಟ, ನೆಲದ ಮೇಲೆ ಅಂಗಾತ ಮಲಗಿ ಸೊಂಟ ಎತ್ತಿ ಇಳಿಸುವ ವ್ಯಾಯಾಮ.

ವ್ಯಾಯಾಮ ಕಲಿಸುವಾಕೆ ಪದೇಪದೇ ಹೇಳುತ್ತಿದ್ದಳು: "ಕೈ ತೆಗೀರಮ್ಮ. ನೀವಿಲ್ದೇನೂ ಅವರಿಗೆ ಬರಬೇಕು."

"ತೆಗೀತೀನಿ, ತೆಗೀತೀನಿ," ಎನ್ನುತ್ತಿದ್ದಳು ಅಮ್ಮ. ತೆಗೆದರೆ ತಾನೆ! ಇಸ್ತ್ರಿಯ ಬಿಸಿ ಹಿಡಿದ ಟವಲನ್ನು ಮಡಚಿ ಮಗಳ ಸೊಂಟದಡಿ ಹಾಕಿ, ಅದರಡಿ ತನ್ನ ಅಂಗೈ ತೂರಿಸುತ್ತಿದ್ದಳು. "ಉಸಿರು ಬಿಡು ಪುಟ್ಟಿ. ನನ್ನ ಕೈ ಒತ್ತು. ಹಾಂ, ಈಗ ಎತ್ತು ನೋಡೋಣ, ನನ್ನ ಬಂಗಾರ." ನೋವು ಪೂರ್ತಿ ಹೋಗಲಿಲ್ಲ. ಆದರೂ ಮಗಳು ಮತ್ತೆ ಬಸ್ಸು ಹತ್ತಿದಳು, ಹೊಸ ಕೆಲಸ ಹಿಡಿದಳು, ನಕ್ಕಳು. ಆ ಕೈಯಿಲ್ಲದೆ ಮಾತ್ರ ಒಂದು ಬೆಳಗೂ ಸೊಂಟ ಎತ್ತಿರಲಿಲ್ಲ.

ಪೇಪರಿನ ಹಿಂದಿನಿಂದ ಅಪ್ಪ ರೇಗಿಸುತ್ತಿದ್ದ: "ಮುಗೀತಾ ಅಮ್ಮ ಮಗಳ ಸರ್ಕಸ್ಸು? ಕಾಫಿ ಸಿಗುತ್ತೋ ಇಲ್ವೋ?"

*

ಹೆಣ ಒಯ್ಯುವ ಗಾಡಿ ಬರುವುದು ತಡವಾಯಿತು. ಮಗಳು ಒಳಕೋಣೆಗೆ ಹೋಗಿ ನೆಲದ ಮೇಲೆ ಮಲಗಿ ಮಂಡಿ ಮಡಚಿದಳು. ಉಸಿರು ಬಿಟ್ಟಳು. ಬೆನ್ನಡಿ ನೆಲ ತಣ್ಣಗಿತ್ತು. ಎತ್ತಲಾಗಲಿಲ್ಲ. ಇನ್ನೊಮ್ಮೆ ಎತ್ತಿ ನೋಡಿದಳು, ಆಗಲಿಲ್ಲ. "ಅಮ್ಮಾ, ಬರ್ತಿಲ್ಲ ಕಣೇ," ಎಂದು ಬಾಯಿ ಬಿಟ್ಟು ಅತ್ತಳು. ಮುಷ್ಟಿಯಲ್ಲಿದ್ದ ಮಾತ್ರೆ ಬೆವರಿಗೆ ಮೆತ್ತಗಾಗಿತ್ತು. ನೀರಿಲ್ಲದೆ ನುಂಗಿದಳು.

ಬಹಳ ಹೊತ್ತಾದ ಮೇಲೆ ಬಾಗಿಲು ಸರಿಯಿತು. ಅಪ್ಪ ಕಷ್ಟಪಟ್ಟು ಪಕ್ಕದಲ್ಲಿ ಮಂಡಿಯೂರಿದ.

"ಎಲ್ಲಿ ಇಡ್ತಿದ್ಲು ಅವಳು? ನಾನು ಸರಿಯಾಗಿ ನೋಡ್ಲೇ ಇಲ್ಲ." ಅವನ ಒರಟು ಅಂಗೈ ಬೆನ್ನಡಿ ನುಸುಳಿತು, ಅಮ್ಮ ಇಡುತ್ತಿದ್ದ ಜಾಗಕ್ಕಿಂತ ಒಂದು ಗೇಣು ಮೇಲಕ್ಕೆ. "ಇಲ್ಲೇನಾ?"

"ಹೂಂ. ಅಲ್ಲೇ."

"ಉಸಿರು ಬಿಡು. ಎತ್ತು ಮಗಳೇ."

ಸೊಂಟ ಮೇಲೆದ್ದಿತು. ಮೈಯೆಲ್ಲ ಹಗುರ, ಬೆಚ್ಚಗೆ. ಮಾತ್ರೆ ಹತ್ತಿತ್ತು.

"ನೋವು?"

"ಇಳೀತಾ ಇದೆ ಅಪ್ಪ."

 ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು, ಯಾರೋ ಕರೆದರು. ಕೈ ಅಲ್ಲಾಡಿಸದೆ ಅಪ್ಪ ಬಾಗಿಲ ಕಡೆಗೆ ಕೂಗಿದ: "ಐದು ನಿಮಿಷ ತಡೀರಪ್ಪ! ನನ್ನ ಮಗಳಿಗೆ ನೋವು ಇಳೀತಿದೆ. ನಾನೇ ಮಾಡಿಸ್ತಿದ್ದೀನಿ!"

ಕರೆಯಲು ಬಂದಿದ್ದ ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತಳು. ಮಗಳು ಮಲಗಿದಲ್ಲಿಂದಲೇ ಕತ್ತು ಹೊರಳಿಸಿದಳು. ಅವಳ ಕಣ್ಣು ಚಿಕ್ಕಮ್ಮನ ಕಂಕುಳಲ್ಲಿದ್ದ ಪರ್ಸಿನ ಮೇಲೆ ನಿಂತಿತ್ತು.