ಹೊಗೆಯಿಲ್ಲದ ಕೆಂಡ

ಬಟ್ಟೆ ಒಣಗಲು ಗಾಳಿ ಬೇಕು, ಕೂಸಿಗೆ ಗಾಳಿ ತಾಕಬಾರದು. ಆ ಚಳಿಗಾಲ ಅದೋಲತ್‌ಳನ್ನು ಕಾಡಿದ ಚಿಂತೆ ಇಷ್ಟೇ.

ಬೆಟ್ಟದ ಊರು ಇಸ್ತರವ್ಶಾನಿನ ಹಳೇ ಕೇರಿಯಲ್ಲಿ ಕರೆಂಟು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಖ ತೋರಿಸಿ ಹೋಗುತ್ತಿತ್ತು. ಅಂಗಳದ ಹಗ್ಗಕ್ಕೆ ಹಾಕಿದ ಬಟ್ಟೆ ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಅದೂ ಅಲ್ಲದೆ, ಎಳೆಕೂಸಿನ ಬಟ್ಟೆ ಹೊತ್ತು ಮುಳುಗಿದ ಮೇಲೆ ಹೊರಗಿರಬಾರದು. ಕತ್ತಲಲ್ಲಿ ಏನೇನೋ ಬಂದು ಅದನ್ನು ಮೂಸಿ ಹೋಗುತ್ತವೆ. ಹಾಗಾಗಿ ಒಗೆದದ್ದೆಲ್ಲ ಸಂದಲಿ ಇದ್ದ ಕೋಣೆಗೇ ಬರುತ್ತಿತ್ತು. ನೆಲದ ಕುಣಿಯಲ್ಲಿ ಕೆಂಡ, ಅದರ ಮೇಲೆ ಗಿಡ್ಡ ಮೇಜು, ಮೇಜಿನ ಮೇಲೆ ನಾಲ್ಕೂ ಕಡೆ ನೆಲ ಮುಟ್ಟುವ ದಪ್ಪ ಕೌದಿ. ಕಾಲುಗಳನ್ನು ಕೌದಿಯೊಳಗೆ ಚಾಚಿ ಕೂತರೆ ಒಂದು ಬಾಣಲೆ ಕೆಂಡದಲ್ಲಿ ದಿನ ಕಳೆಯಬಹುದು. ಅದೋಲತ್ ಮೇಜಿನ ಮೇಲ್ಗಡೆ ಅಡ್ಡಡ್ಡ ಹಗ್ಗ ಬಿಗಿದು ಕೂಸಿನ ಬಟ್ಟೆಗಳನ್ನು ಸಾಲಾಗಿ ಇಳಿಬಿಟ್ಟಿದ್ದಳು.

ಅವಳ ಮಗ, ಕೂಸು ಈರಜ್‌ನ ಅಪ್ಪ ಶವ್ಕತ್, ಲಾರಿ ಓಡಿಸುತ್ತಿದ್ದ. ಹಿಮ ಜರಿದು ಕಣಿವೆ ದಾರಿ ಮುಚ್ಚಿದ್ದರಿಂದ ಪರ್ವತದ ಆಚೆ ಸಿಕ್ಕಿಕೊಂಡಿದ್ದ. ಫೋನಿನಲ್ಲಿ ಅವನದು ಒಂದೇ ಮಾತು: "ಅಮ್ಮಾ, ಈರಜ್‌ನ ಬೆಚ್ಚಗಿಡು."

ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಶವ್ಕತ್‌ಗಿಂತ ಮುಂಚೆ ಹುಟ್ಟಿದ ಮಗು ಇಂಥದೇ ಚಳಿಯಲ್ಲಿ, ಹಲ್ಲು ಮೂಡುವ ಮೊದಲೇ ಎದೆ ಕಟ್ಟಿ ಹೋಗಿತ್ತು. ಕಿಟಕಿಯ ಸಂದಿನಿಂದ ಬಂದ ಗಾಳಿಯೇ ಅದನ್ನು ಕೊಂದದ್ದೆಂದು ಅದೋಲತ್ ಅಂದೇ ತೀರ್ಮಾನಿಸಿದ್ದಳು. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅಲ್ಲವೆಂದೂ ಯಾರೂ ಹೇಳಲಿಲ್ಲ.

ಈ ಸಲ ಅವಳು ಒಂದು ಸಂದನ್ನೂ ಬಿಡಲಿಲ್ಲ. ಕಿಟಕಿಗೆ ಎರಡು ಪದರ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಹಿಟ್ಟಿನ ಅಂಟಿನಿಂದ ಕಾಗದ ಮೆತ್ತಿದಳು. ಬಾಗಿಲಿಗೆ ಹಳೇ ಜಮಖಾನ ಇಳಿಬಿಟ್ಟಳು. ಮೂಲೆಯ ಕಬ್ಬಿಣದ ಒಲೆ ಕಲ್ಲಿದ್ದಲನ್ನು ಬಕಬಕನೆ ತಿನ್ನುತ್ತಿತ್ತೆಂದು ಅದನ್ನು ಹೊರಗೆ ಹಾಕಿ, ಗೋಡೆಯಲ್ಲಿ ಉಳಿದ ಹೊಗೆಕೊಳವೆಯ ತೂತಿಗೆ ಚಿಂದಿ ತುರುಕಿದಳು. ಮರುದಿನವೇ ಕೋಣೆ ಬೆಚ್ಚಗಾಯಿತು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬಟ್ಟೆಗಳ ನೀರು ಹನಿಗಟ್ಟಿ ಸಣ್ಣ ಸಣ್ಣ ಗೆರೆಗಳಾಗಿ ಇಳಿಯತೊಡಗಿತು. ಒಳಗಿನದು ಯಾವುದೂ ಹೊರಗೆ ಹೋಗುತ್ತಿಲ್ಲ ಎನ್ನುವುದಕ್ಕೆ ಅದೇ ಗುರುತು. ಅದೋಲತ್‌ಗೆ ಅದನ್ನು ನೋಡಿ ಸಮಾಧಾನವಾಯಿತು.

ಜರ್ದಾಳು ಮರದ ಕಟ್ಟಿಗೆ ಮುಗಿದಿತ್ತು. ಅಂಗಳದಲ್ಲಿ ಬಕೆಟ್ಟಿಗೆ ಗಣಿಯ ಕಲ್ಲಿದ್ದಲು ಹಾಕಿ ಹೊತ್ತಿಸಿ, ಹೊಗೆ ಪೂರಾ ನಿಂತ ಮೇಲೆಯೇ ಕೆಂಡವನ್ನು ಒಳಗೆ ತರುತ್ತಿದ್ದಳು. ಹೊಗೆಯಾಡುವ ಕೆಂಡ ಸಂದಲಿಗೆ ಸಲ್ಲದು; ತಾಯಿ ಕಲಿಸಿದ ಈ ನಿಯಮವನ್ನು ಅವಳು ಒಂದು ದಿನವೂ ಮುರಿಯಲಿಲ್ಲ. ಕೆಂಡದ ಮೇಲೆ ನೀಲಿ ಜ್ವಾಲೆಗಳು ಸಣ್ಣಗೆ ಆಡುತ್ತಿದ್ದವು. ಅವುಗಳ ಮೇಲೆ ಮೃದುವಾಗಿ ಬೂದಿ ಹರಡಿ ಕೌದಿ ಎಳೆಯುತ್ತಿದ್ದಳು.

"ಓಯಾ, ತಲೆ ಸಿಡೀತಿದೆ," ಎಂದಳು ಸೊಸೆ ಮತ್ಲುಬಾ ಒಂದು ಬೆಳಿಗ್ಗೆ. ಓಯಾ ಎಂದರೆ ಅಮ್ಮ. ಅತ್ತೆಯನ್ನೂ ಹಾಗೆಯೇ ಕರೆಯುವುದು.

"ಬಟ್ಟೆ ರಾಶಿ ನೋಡಿದ್ರೆ ನನಗೂ ಸಿಡಿಯುತ್ತೆ ಕಣೆ, ಕೆಲಿನ್." ಕೆಲಿನ್ ಎಂದರೆ ಸೊಸೆ.

"ಅದಲ್ಲ. ಬಟ್ಟೆ ಒಗೆಯೋಕೆ ಅಂಗಳಕ್ಕೆ ಹೋದ್ರೆ ಹೋಗ್ಬಿಡುತ್ತೆ. ಒಳಗೆ ಬಂದು ಕೂತ್ರೆ ಮತ್ತೆ ಶುರು. ಈರಜ್ ನಿನ್ನೆಯಿಂದ ಸರಿಯಾಗಿ ಹಾಲೇ ಕುಡೀತಿಲ್ಲ. ಒಂಚೂರು ಕಿಟಕಿ ತೆಗೀಲಾ?"

ಅದೋಲತ್ ಸೊಸೆಯನ್ನು ದಿಟ್ಟಿಸಿದಳು. "ಆ ಕಾಗದಕ್ಕೆ ಕೈ ಹಚ್ಚಿದ್ರೆ ನೋಡು! ಚಳಿಗೆ ಕೂಸು ಹೇಗೆ ಹೋಗುತ್ತೆ ಅಂತ ನೀನು ಕಂಡಿಲ್ಲ. ನಾನು ಕಂಡಿದ್ದೀನಿ."

ಕೆಟ್ಟ ದೃಷ್ಟಿ ತಾಗಿರಬೇಕೆಂದು ಅದೋಲತ್ ಇಸ್ಪಂದ್ ಕಾಳು ಸುಟ್ಟು, ಅದರ ಹೊಗೆಯನ್ನು ತೊಟ್ಟಿಲ ಸುತ್ತ, ಸೊಸೆಯ ತಲೆಯ ಸುತ್ತ ಆಡಿಸಿದಳು. ಎರಡು ದಿನದಿಂದ ಅವಳಿಗೂ ಏಳುವಾಗ ಕಾಲು ಸೋತಂತಾಗುತ್ತಿತ್ತು. ವಯಸ್ಸು ಎಂದುಕೊಂಡಳು.

ಮಧ್ಯಾಹ್ನ ಪಕ್ಕದ ಮನೆಯ ತುರ್ಸುನೊಯ್ ಬಂದು, ಜಮಖಾನ ಸರಿಸಿ ಒಳಗೆ ಇಣುಕಿದಳು. "ಅಬ್ಬಾ, ಅದೋಲತ್ ಅಪಾ! ಇದು ಮನೆಯೋ ಹಮಾಮೋ? ಸೋಪು ಕೊಟ್ರೆ ಇಲ್ಲೇ ಸ್ನಾನ ಮುಗಿಸ್ಕೊಂಡು ಹೋಗ್ತೀನಿ."

"ಸ್ನಾನ ಆಮೇಲೆ ಮಾಡ್ತೀಯಂತೆ, ಮೊದಲು ಬಾಗಿಲು ಹಾಕು. ಶಾಖ ಹೋಗುತ್ತೆ."

"ಹಾಕ್ತೀನಿ, ಹಾಕ್ತೀನಿ. ತಂದೂರು ಹೊತ್ತಿಸಿದ್ದೀನಿ, ರೊಟ್ಟಿ ತಟ್ಟೋಕೆ ಬನ್ನಿ. ನಿಮ್ಮ ಹಿಟ್ಟೂ ತನ್ನಿ. ನಾನೊಬ್ಬಳೇ ತಟ್ಟಿದ್ರೆ ನನ್ನ ಗಂಡ ರೊಟ್ಟೀನ ಲಾರಿ ಟೈರು ಅಂತಾನೆ."

ಹೊರಡುವ ಮುಂಚೆ ಅದೋಲತ್ ಹೊಸ ಕೆಂಡ ತುಂಬಿದಳು, ಎಂದಿಗಿಂತ ತುಸು ಜಾಸ್ತಿಯೇ. ಸಂಜೆಯೊಳಗೆ ಬಟ್ಟೆ ಒಣಗಬೇಕಿತ್ತು. ತೊಟ್ಟಿಲನ್ನು ಸಂದಲಿಯ ಹತ್ತಿರಕ್ಕೆ ಎಳೆದು, ಮೇಲಿನ ಹೊದಿಕೆಯನ್ನು ಇಳಿಬಿಟ್ಟಳು. ಈರಜ್‌ನ ಕೆನ್ನೆ ಹಣ್ಣಿನಂತೆ ಕೆಂಪಗಿತ್ತು. ಎಷ್ಟು ಬೆಚ್ಚಗಿದ್ದಾನೆ ಎಂದು ಅವಳ ಮನಸ್ಸು ತುಂಬಿತು. "ಜಮಖಾನದ ಅಡಿಗೆ ದಿಂಬು ಒತ್ತಿಡು," ಎಂದು ಸೊಸೆಗೆ ಹೇಳಿ ಬಾಗಿಲೆಳೆದುಕೊಂಡಳು.

ತುರ್ಸುನೊಯ್‌ಳ ಅಂಗಳದಲ್ಲಿ ಹಿಮದ ಮೇಲೆ ನಿಂತು ರೊಟ್ಟಿ ತಟ್ಟುವಾಗ ಅದೋಲತ್‌ಳ ಕಾಲಿಗೆ ಬಲ ಬಂದಿತ್ತು. ತಲೆ ಹಗುರಾಗಿತ್ತು. ಅವಳು ನಕ್ಕಳು ಕೂಡ. ಯಾಕೆ ಹೀಗೆ ಎಂದು ಯೋಚಿಸಲಿಲ್ಲ.

ಹೊತ್ತಿಳಿಯುವಾಗ ಬಿಸಿ ರೊಟ್ಟಿಯ ಗಂಟು ಹಿಡಿದು ಬಂದಳು. ದಿಂಬು ತಡೆದದ್ದರಿಂದ ಬಾಗಿಲನ್ನು ಭುಜದಿಂದ ನೂಕಬೇಕಾಯಿತು. ಮತ್ಲುಬಾ ಕೌದಿಯೊಳಗೆ ಕಾಲು ಚಾಚಿ, ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಏಳಲಿಲ್ಲ.

ಅತ್ತೆ ಒಳಗೆ ಬಂದಾಗ ಸೊಸೆ ಏಳದೆ ಇರುವುದುಂಟೆ? ಹೆರಿಗೆಯಾದ ಮೂರನೆಯ ದಿನವೂ ಗೋಡೆ ಹಿಡಿದು ಎದ್ದು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ ಹುಡುಗಿ ಅವಳು.

"ಕೆಲಿನ್! ಮಹಾರಾಣಿ! ನಿನಗೆ ಸಲಾಮು ನಾನೇ ಹೇಳ್ಬೇಕಾ?"

ಮತ್ಲುಬಾ ಮಿಸುಕಲಿಲ್ಲ. ಅದೋಲತ್ ಸಿಟ್ಟಿನಿಂದ ಅವಳ ಭುಜ ಅಲುಗಿಸಿದಳು. ಸೊಸೆಯ ತಲೆ ಮೇಜಿನಿಂದ ಜಾರಿ ಕೌದಿಯ ಮೇಲೆ ಬಿತ್ತು. ಅವಳ ಕೆನ್ನೆಯೂ ಅದೇ ಕೆಂಪು. ಅದೋಲತ್‌ಳ ಕಾಲು ಮತ್ತೆ ಸೋಲತೊಡಗಿತು. ಅಂಗಳಕ್ಕೆ ಹೋದ್ರೆ ಹೋಗ್ಬಿಡುತ್ತೆ, ಒಳಗೆ ಬಂದ್ರೆ ಶುರು. ಆ ಮಾತು ಈಗ ಅವಳ ಕಿವಿಗೆ ಬಿತ್ತು.

ಹೊದಿಕೆ ಕಿತ್ತೆಸೆದು, ಕೂಸನ್ನು ತೊಟ್ಟಿಲಿಗೆ ಬಿಗಿದಿದ್ದ ಕಟ್ಟು ಬಿಚ್ಚಿದಳು. ಗಂಟನ್ನು ಹಲ್ಲಿನಿಂದ ಎಳೆದಳು. ಕೂಸು ಅವಳ ಕೈಯಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಟೋಪಿಯಿಲ್ಲ, ಕಂಬಳಿಯಿಲ್ಲ, ಹಾಗೇ ಎತ್ತಿಕೊಂಡು ಹಿಮಕ್ಕೆ ಓಡಿದಳು.

"ತುರ್ಸುನೊಯ್! ಬಾರೇ! ಯಾರಾದ್ರೂ ಬನ್ನಿ!"

ತುರ್ಸುನೊಯ್, ಅವಳ ಗಂಡ ಇಬ್ಬರೂ ಓಡಿಬಂದರು. ಗಂಡ ಒಳಗೆ ನುಗ್ಗಿ ಮತ್ಲುಬಾಳನ್ನು ಕಂಕುಳಿಗೆ ಕೈಹಾಕಿ ಎಳೆತಂದ. ಬಾಗಿಲು ಹಾರು ಹೊಡೆದಿತ್ತು, ಶಾಖವೆಲ್ಲ ಹೊರಗೆ ಸುರಿಯುತ್ತಿತ್ತು. ಅದೋಲತ್ ಕೂಸಿನ ಬೆನ್ನು ತಿಕ್ಕಿದಳು, ಮುಖಕ್ಕೆ ಹಿಮ ಸವರಿದಳು. ಎಷ್ಟೋ ಹೊತ್ತಿನ ಮೇಲೆ ಈರಜ್‌ನ ತುಟಿ ಸೊಟ್ಟಗಾಗಿ ಬೆಕ್ಕಿನ ಮರಿಯ ದನಿಯಂಥ ಒಂದು ಅಳು ಬಂತು. ಅಷ್ಟೇ. ಮತ್ತೊಂದಕ್ಕಾಗಿ ಅವಳು ಕಾದಳು. ಮತ್ಲುಬಾ ಉಸಿರಾಡುತ್ತಿದ್ದಳು, ಕಣ್ಣು ತೆರೆಯಲಿಲ್ಲ.

ತುರ್ಸುನೊಯ್‌ಳ ಗಂಡ ಕಾರು ತಂದ. ಹಿಂದಿನ ಸೀಟಿನಲ್ಲಿ ಸೊಸೆಯ ತಲೆ ಅದೋಲತ್‌ಳ ತೊಡೆಯ ಮೇಲೆ, ಕೂಸು ಎದೆಯ ಮೇಲೆ. ಆಸ್ಪತ್ರೆ ಊರಿನ ಆಚೆ ತುದಿಗಿತ್ತು, ರಸ್ತೆಯಲ್ಲಿ ಹಿಮ ಗಟ್ಟಿಯಾಗಿತ್ತು, ಕಾರು ತೆವಳುತ್ತಿತ್ತು. ಅವಳು ತನ್ನ ಪಕ್ಕದ ಕಿಟಕಿಯ ಹಿಡಿಕೆ ತಿರುಗಿಸಿ ಗಾಜನ್ನು ಪೂರಾ ಇಳಿಸಿದಳು.

"ಅಪಾ, ಕೂಸಿಗೆ ಗಾಳಿ ಹೊಡೆಯುತ್ತೆ!" ಎಂದ ಅವನು ಕನ್ನಡಿಯಲ್ಲಿ ನೋಡಿ.

"ನೀನು ಓಡಿಸು."

ಚಳಿಗಾಳಿ ಚೂರಿಯಂತೆ ಒಳಗೆ ಬಂತು. ಅವಳು ಈರಜ್‌ನ ಬರೀ ಮುಖವನ್ನು ಅದಕ್ಕೆದುರಾಗಿ ಹಿಡಿದಳು. ಒಂದು ಕೈ ಸೊಸೆಯ ಮೂಗಿನ ಕೆಳಗೆ, ಕಿವಿ ಕೂಸಿನ ಬಾಯಿಯ ಹತ್ತಿರ. ಗಾಳಿಯ ಸದ್ದಿನಲ್ಲಿ ಉಸಿರಿನ ಸದ್ದು ಯಾವುದೆಂದು ತಿಳಿಯುತ್ತಿರಲಿಲ್ಲ. ಆದರೂ ಅವಳು ಗಾಜು ಏರಿಸಲಿಲ್ಲ.