ಕ ಒತ್ತಿದ ಮೇಲೆ

ಬ, ಬರೀ ಬ, ಇಷ್ಟಗಲದ ಬಿಳಿ ಪರದೆಯ ಎಡಮೂಲೆಯಲ್ಲಿ ಒಂದೇ ಒಂದು ಬ, ಅದರ ಪಕ್ಕದಲ್ಲಿ ಮಿಣುಕುವ ಗೆರೆ, ಬೆಳಗಿನಿಂದ ಹೊಡೆದ ಒಂಬತ್ತು ಪುಟ ಎಲ್ಲಿ ಹೋಯಿತು, ಈಗ ತಾನೇ ಇತ್ತಲ್ಲ, ಶೋಭಾರಾಣಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ಬ ಅಲ್ಲೇ ಇತ್ತು, ಕನ್ನಡಕದ್ದೇನೂ ತಪ್ಪಿಲ್ಲ, ಬೆರಳಿನ ತಪ್ಪು, ಒಂದು ಪದ ಹಿಂದಕ್ಕೆ ಹೋಗಬೇಕಿತ್ತು ಅಷ್ಟೆ, ಅಭ್ಯಾಸದಂತೆ ಕಂಟ್ರೋಲ್ ಹಿಡಿದು ಅ ಒತ್ತಿದಳು, ಇಪ್ಪತ್ತಾರು ವರ್ಷದಿಂದ ಹಾಗೇ ಒತ್ತುತ್ತ ಬಂದಿದ್ದಾಳೆ, ಅ ಒತ್ತಿದರೆ ಒಂದು ಪದ ಹಿಂದೆ — ಆದರೆ ಮೂರು ವಾರದ ಹಿಂದೆ ಬಂದ ಈ ಹೊಸ ಟೈಪಿಂಗ್ ಪ್ರೋಗ್ರಾಮಿನಲ್ಲಿ ಅದೇ ಎರಡು ಕೀ ಒತ್ತಿದರೆ ಇಡೀ ಬರಹ ನೀಲಿಯಾಗಿಬಿಡುತ್ತದೆ, ನೀಲಿಯಾದದ್ದನ್ನು ನೋಡುವ ಮೊದಲೇ ಮುಂದಿನ ಬೆರಳು ಬ ಹೊಡೆದಿತ್ತು, ಒಂಬತ್ತು ಪುಟದ ಜಾಗದಲ್ಲಿ ಬ ಕೂತಿತು, ಗಾಬರಿಯಲ್ಲಿ ಎಡಗೈ ತಾನಾಗಿ ಹೊಸ ಆಜ್ಞೆ ಕೊಟ್ಟಿತು, ಕಂಟ್ರೋಲ್ ಜೊತೆ ಸ, ಉಳಿಸು, ಮೂರು ವಾರ ಹೇಳಿಕೊಟ್ಟರೂ ಬಾರದೆ ಇದ್ದದ್ದು ಇವತ್ತು, ಈ ಹೊತ್ತಿನಲ್ಲೇ, ಸರಿಯಾಗಿ ಬಂತು, ಮುಚ್ಚಿ ಮತ್ತೆ ತೆರೆದರೆ ಬಂದೀತೇನೋ ಎಂದು ಮುಚ್ಚಿದಳು, ತೆರೆದಳು, ಬ.

ಏನಾಯ್ತು ಶೋಭಕ್ಕ, ಯಾಕೆ ಹಂಗೆ ಕೂತಿದ್ದೀರ, ಪ್ರೆಸ್ಸಿನ ಮಾಲೀಕ ಮುರಳಿಮೋಹನ್ ಒದ್ದೆ ಪ್ರೂಫ್ ಹಾಳೆಗಳನ್ನು ಹಾಗೇ ಬಿಟ್ಟು ಬಂದು ಬೆನ್ನ ಹಿಂದೆ ನಿಂತ, ನೋಡಿದ, ಅಯ್ಯೋ, ಕಂಟ್ರೋಲ್ ಝಡ್ ಹೊಡೀಬೇಕಿತ್ತಕ್ಕ, ಎಲ್ಲಾ ವಾಪಸ್ ಬರೋದು, ಸೇವ್ ಮಾಡಿ ಕ್ಲೋಸ್ ಮಾಡ್ಬಿಟ್ರೆ ಇನ್ನೆಲ್ಲಿಂದ ತರ್ಲಿ — ಬೈಯಲಿಲ್ಲ, ಇವನು ನಿಕ್ಕರಿನಲ್ಲಿ ಓಡಾಡುವಾಗಿನಿಂದ ಅವಳು ಈ ಕುರ್ಚಿಯಲ್ಲಿ ಕೂತಿದ್ದಾಳೆ, ಇವನ ಅಪ್ಪ ವೆಂಕಟರಾಯಪ್ಪನವರು ಶಿಡ್ಲಘಟ್ಟದಲ್ಲಿ ಈ ಪ್ರೆಸ್ಸು ನಡೆಸುತ್ತಿದ್ದ ಕಾಲದಿಂದ, ಬೈದಿದ್ದರೆ ಒಂದು ಸಲ ಅತ್ತು ಹಗುರಾಗಬಹುದಿತ್ತು, ಬಿಡಿ ಅಕ್ಕ, ಮೇಷ್ಟ್ರು ಬರೋದು ನಾಳೆ ಸಾಯಂಕಾಲಕ್ಕೆ, ಇನ್ನೊಂದು ಸಲ ಹೊಡೆದ್ರಾಯ್ತು. ಮೇಷ್ಟ್ರು ಎಂದರೆ ಗೌರಿಬಿದನೂರು ಕಡೆಯ ನರಸಿಂಹಪ್ಪನವರು, ನಿವೃತ್ತರು, ಹೆಂಡತಿ ಚಿಕ್ಕವೆಂಕಟಮ್ಮ ಹೋಗಿ ವರ್ಷವಾಗುತ್ತ ಬಂತು, ಆಕೆಯ ನೆನಪಿಗೆ ಒಂದು ಸಣ್ಣ ಪುಸ್ತಕ ಬರೆದು ತಂದುಕೊಟ್ಟಿದ್ದಾರೆ, ಗೆರೆ ಹಾಳೆಯ ಮೇಲೆ ಗುಂಡಗಿನ ಅಕ್ಷರ, ಒಂಬತ್ತನೆಯ ಪುಟದ ಕೊನೆಗೆ ಆಕೆಯ ಕೊನೆಯ ಮಾತು, ಕೊನೆಯದಾಗಿ ಅವಳು ನನ್ನನ್ನು ಕೇಳಿದ್ದು ಇಷ್ಟೇ, ಹಿತ್ತಲ ಬಾಗಿಲು ಹಾಕಿದ್ರಾ, ನಾನು ಹಾಕಿದೆ ಕಣೇ ಎಂದೆ, ಹಾಕಿರಲಿಲ್ಲ. ಆ ಬಾಗಿಲಿನ ಬ ಅದು, ಪರದೆಯ ಮೇಲೆ ಒಂಟಿಯಾಗಿ ನಿಂತದ್ದು. ಇಷ್ಟು ಸಿಕ್ಕಿತಲ್ಲ ಮೇಷ್ಟ್ರಿಗೆ, ಒಂದು ಮಾತು, ಬಾಗಿಲಿನ ಮಾತೇ ಆಗಲಿ, ಹೆಂಡತಿ ಕೇಳಿದಳು, ಗಂಡ ಏನೋ ಒಂದು ಹೇಳಿದ, ಶೋಭಾರಾಣಿಗೆ ಅದೂ ಸಿಕ್ಕಲಿಲ್ಲ, ಅವಳ ಗಂಡ ತಿರುಮಲೇಶ್ ಕೊನೆಯ ಐದಾರು ದಿನ ಬಾಯಿ ಬಿಡಲಿಲ್ಲ, ಎಡವಿ ಬಿದ್ದ ಹಾಗೆ ಇದ್ದಕ್ಕಿದ್ದಂತೆ ಬಿದ್ದರು, ಮೆದುಳಿನಲ್ಲಿ ರಕ್ತಸ್ರಾವ, ಮಾತು ಹೋಯಿತು, ಬಲಗಡೆ ಪೂರ್ತಿ ಹೋಯಿತು, ಎರಡು ವರ್ಷವಾಯಿತು ಕಾರ್ತೀಕಕ್ಕೆ.

ಆ ಹಳೇ ಆಜ್ಞೆಗಳನ್ನೆಲ್ಲ ಬೆರಳಿಗೆ ಹಾಕಿಕೊಟ್ಟವರು ಅವರೇ, ಅವಳು ಚಿಂತಾಮಣಿಯಿಂದ ಟೈಪಿಂಗ್ ಸರ್ಟಿಫಿಕೇಟು ಹಿಡಿದು ಬಂದಾಗ ಪ್ರೆಸ್ಸಿನಲ್ಲಿದ್ದ ಒಂದೇ ಒಂದು ಕಂಪ್ಯೂಟರಿನ ಮುಂದೆ ಅವರಿದ್ದರು, ನೋಡಿ ಮೇಡಂ, ಮೊದಲು ಎಡಗೈ ಕಿರುಬೆರಳಲ್ಲಿ ಕಂಟ್ರೋಲ್, ಆಮೇಲೆ ಬಲಗೈ ನಡುಬೆರಳಲ್ಲಿ ಕ, ಅದಾದ್ಮೇಲೆ ಮತ್ತೆ ಎಡಗೈ, ಉಂಗುರದ ಬೆರಳು ಕೂತಲ್ಲೇ ಒತ್ತಿದ್ರೆ ಸ, ಕಿರುಬೆರಳು ಮೇಲಕ್ಕೆ ನೆಗೆದ್ರೆ ಟ. ಕಸ ಅಂದ್ರೆ ಉಳಿಸ್ಕೊಳ್ಳೋದು. ಕಟ ಅಂದ್ರೆ ಉಳಿಸ್ದೇನೆ ಬಿಟ್ಟು ಎದ್ದು ಹೋಗೋದು. ಕಸ ಅಂದ್ರೆ ಉಳಿಸ್ಕೊಳ್ಳೋದಾ ಎಂದು ಅವಳು ನಕ್ಕಳು, ಅವರೂ ನಕ್ಕರು, ಮೇಡಂ ಹೋಗಿ ಶೋಭಾ ಆಯಿತು, ಶೋಭಾ ಹೋಗಿ ಕಣೇ ಆಯಿತು, ಮದುವೆಯಾಗಿ ಅವರೂರು ಮೇಲೂರಿಗೆ ಬಂದಳು, ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಮನೆಯಲ್ಲೂ ಅದೇ ಮಾತು, ಈ ಬೀಟ್‌ರೂಟ್ ಪಲ್ಯ ಕಸಾನಾ ಕಟಾನಾ ಎಂದು ಅವಳು ಕೇಳಿದರೆ ಕಟ ಕಣೇ, ಕಟ, ಎಂದು ತಟ್ಟೆ ಸರಿಸುತ್ತಿದ್ದರು. ಕಂಪ್ಯೂಟರು ಮೂರು ಸಲ ಬದಲಾಯಿತು, ಪ್ರೋಗ್ರಾಮು ಎಷ್ಟೋ ಸಲ ಬದಲಾಯಿತು, ಪ್ರತಿ ಸಲವೂ ಅವರು ಎರಡು ದಿನ ಕೂತು ಹೊಸದಕ್ಕೆ ಹಳೇ ಆಜ್ಞೆಗಳನ್ನು ಕಲಿಸಿಬಿಡುತ್ತಿದ್ದರು, ಮಿಷನ್ ಕಲೀಲಿ ಕಣೇ, ನಮ್ಮ ಬೆರಳು ಒಂದು ಸಲ ಕಲ್ತಿದ್ದು ಯಾಕೆ ಮರೀಬೇಕು. ಹಾಗೆ ಅವರು ಮಾಡಿಟ್ಟ ಫೈಲು ಹಳೇ ಡಿಸ್ಕಿನಲ್ಲಿತ್ತು, ಅವರು ಹೋದ ಮೇಲೂ ಎರಡು ವರ್ಷ ನಡೆಯಿತು, ಮೂರು ವಾರದ ಹಿಂದೆ ಡಿಸ್ಕು ಕೆಟ್ಟಿತು. ಕಂಪ್ಯೂಟರ್ ರಿಪೇರಿಯ ಸುನೀಲ್ ಬಂದು ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಎದ್ದೇಳಲ್ಲ ಅಕ್ಕ, ಹೊಸದು ಹಾಕ್ತೀನಿ, ನಾಲ್ಕು ದಿನ ಕಷ್ಟ ಆಗುತ್ತೆ, ಆಮೇಲೆ ಅದೇ ಕೈಗೆ ಬರುತ್ತೆ ಎಂದು ಹೇಳಿ ಹೋದ.

ಒಂದ್ಸಲ ಪ್ರಾಕ್ಟೀಸ್ ಮಾಡಿ ಅಕ್ಕ, ಮುರಳಿಮೋಹನ್ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ, ಕ ಗಿ ಏನೂ ಬೇಡ, ಕ ಮರ್ತುಬಿಡಿ, ಬಲಗೈ ಮುಟ್ಟಲೇಬೇಡಿ, ತೊಡೆ ಮೇಲಿಟ್ಕೊಳ್ಳಿ, ಎಡಗೈ ಒಂದೇ ಸಾಕು, ಕಂಟ್ರೋಲ್, ಸ, ಅಷ್ಟೇ, ಹತ್ತು ಸಲ ಮಾಡಿ. ಅವಳು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಳು, ಅಂಗೈ ಮೇಲಾಗಿ, ಸುಮ್ಮನೆ, ಎಡಗೈ ಕಿರುಬೆರಳನ್ನು ಕೆಳಮೂಲೆಗೆ ಚಾಚಿದಳು, ಒತ್ತಿದಳು, ಸ, ಮತ್ತೆ ಚಾಚಿದಳು, ಒತ್ತಿದಳು, ಸ, ನಾಲ್ಕನೆಯ ಸಲವೋ ಐದನೆಯ ಸಲವೋ, ಕಿರುಬೆರಳು ಚಾಚಿಕೊಂಡು ಒತ್ತಿ ಹಿಡಿದಿದ್ದಾಗ ತನ್ನ ಕೈಯನ್ನೇ ನೋಡಿದಳು, ನಿಲ್ಲಿಸಿಬಿಟ್ಟಳು. ಈ ಕೈ ನೋಡಿದ್ದೇನೆ. ಹೀಗೇ. ಬಲಗೈ ಸತ್ತು ಪಕ್ಕಕ್ಕೆ ಬಿದ್ದಿದೆ, ಎಡಗೈ ಕಿರುಬೆರಳು ಹೊರಕ್ಕೆ ಚಾಚುತ್ತದೆ, ಕೆಳಕ್ಕೆ ಒತ್ತುತ್ತದೆ, ಒತ್ತಿ ಹಿಡಿದು ಕಾಯುತ್ತದೆ, ಆಸ್ಪತ್ರೆಯ ನೀಲಿ ಕಂಬಳಿಯ ಮೇಲೆ, ಚಿಕ್ಕಬಳ್ಳಾಪುರ, ಎರಡನೇ ಮಹಡಿ, ಕಿಟಕಿಯ ಪಕ್ಕದ ಮಂಚ. ಏನಕ್ಕ, ಯಾಕೆ ನಿಲ್ಲಿಸಿದ್ರಿ. ಏನಿಲ್ಲಪ್ಪ, ಏನಿಲ್ಲ, ಕೈ ಜೋಮು ಹಿಡೀತು. ಕಾಯುತ್ತಿತ್ತು ಆ ಬೆರಳು, ಯಾತಕ್ಕೆ ಕಾಯುತ್ತಿತ್ತು, ಬಲಗೈ ಕ ಒತ್ತಲಿ ಎಂದು ಕಾಯುತ್ತಿತ್ತು, ಬಲಗೈ ಎಲ್ಲಿಂದ ಒತ್ತೀತು, ಆದರೂ ಕಾಯುತ್ತಿತ್ತು, ಕ ಆಯಿತು ಎಂದುಕೊಂಡು ಆಮೇಲೆ — ಆಮೇಲೆ ಏನು ಮಾಡಿತು, ಉಂಗುರದ ಬೆರಳು ಕೂತಲ್ಲೇ ಒತ್ತಿತೋ, ಕಿರುಬೆರಳು ಮೇಲಕ್ಕೆ ನೆಗೆಯಿತೋ, ಕಸವೋ, ಕಟವೋ. ದೇವರೇ. ಅವರು ಮಾತಾಡುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಆ ಮಾತು ತಿಳಿಯುವವಳು ಅವಳೊಬ್ಬಳೇ, ಮಂಚದ ಪಕ್ಕದಲ್ಲೇ ಕೂತಿದ್ದಳು.

ಫಿಟ್ಸ್ ಥರ ಬರ್ತಿದೆ ನೋಡಿ, ಡ್ರಿಪ್ ಕಿತ್ಕೊಂಡುಬಿಡ್ತಾರೆ, ಸ್ವಲ್ಪ ಕೈ ಹಿಡ್ಕೊಂಡಿರಿ ಎಂದಳು ನರ್ಸು, ಅವಳ ತಪ್ಪೇನಿಲ್ಲ, ಯಾರು ನೋಡಿದರೂ ನಡುಕ ಎಂದೇ ಹೇಳುತ್ತಿದ್ದರು, ಕಾಲ ಬುಡದಲ್ಲಿ ಕೂತಿದ್ದ ಅತ್ತೆ ನಾರಾಯಣಮ್ಮ ತೆಲುಗಿನಲ್ಲಿ ಗೋಗರೆಯುತ್ತಿದ್ದರು, ವಾಡಿ ಚೆಯ್ಯಿ ವದಲೊದ್ದಮ್ಮಾ, ಕೈ ಬಿಡಬೇಡ ತಾಯಿ, ನನ್ನ ಮಗನ ಕೈ ಬಿಡಬೇಡ, ಬಿಡಲಿಲ್ಲ ಅತ್ತೆ, ಬಿಡಲಿಲ್ಲ, ಅದೇ ಆಗಿದ್ದು, ತನ್ನ ಎಡಗೈಯಲ್ಲಿ ಅವರ ಎಡಗೈಯ ಐದೂ ಬೆರಳು ಮಡಿಸಿ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದುಕೊಂಡಳು, ಒಳಗೆ ಬೆರಳು ಮಿಸುಕಾಡುತ್ತಿತ್ತು, ಮಿಸುಕಾಡಿದಷ್ಟೂ ಬಿಗಿ ಮಾಡಿದಳು, ಸುಮ್ನಿರಿ, ಸುಮ್ನಿರಿ, ನಾನಿಲ್ಲೇ ಇದ್ದೀನಿ, ಎಷ್ಟು ಹೊತ್ತು, ಎರಡು ದಿನ, ಊಟಕ್ಕೆ ಎದ್ದಾಗ ಮೈದುನ ರಮೇಶ್‌ಬಾಬುವಿನ ಕೈಗೆ ಆ ಕೈ ಕೊಟ್ಟು ಬಂದು ಮತ್ತೆ ತೆಗೆದುಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಡಾಕ್ಟರು ಬಂದರು, ವಯಸ್ಸಾದವರು, ಮೆಲ್ಲಗೆ ಮಾತಾಡುವವರು, ಮತ್ತೊಂದು ಸಲ ರಕ್ತ ಸೋರಿದೆಯಮ್ಮ, ಬೆಂಗಳೂರಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸ್ಬಹುದು, ಉಳೀತಾರೆ ಅಂತ ನಾನು ಹೇಳಲ್ಲ, ಉಳಿಯಲ್ಲ ಅಂತಾನೂ ಹೇಳಲ್ಲ, ಉಳಿದ್ರೂ ಹಿಂಗೇ ಮಲಗಿರ್ಬಹುದು, ಬೇಡ ಮನೆಗೆ ಕರ್ಕೊಂಡು ಹೋಗ್ತೀವಿ ಅಂದ್ರೆ ಇಲ್ಲಿ ಸೈನ್ ಹಾಕಿ, ನೀವೇ ಹೇಳ್ಬೇಕು. ರಮೇಶ್‌ಬಾಬು ನೆಲ ನೋಡಿದ, ಅತ್ತಿಗೆ ನೀವು ಹೆಂಗಂದ್ರೆ ಹಂಗೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅವಳು ಗಂಡನ ಮುಖ ನೋಡಿದಳು, ಮುಖವನ್ನೇ ನೋಡಿದಳು, ಏನಾದರೂ ಹೇಳ್ರಿ, ಒಂದು ರೆಪ್ಪೆಯಾದ್ರೂ ಆಡ್ಸ್ರಿ, ಮುಖದಲ್ಲಿ ಏನೂ ಇರಲಿಲ್ಲ, ಬಲಗೈಯಲ್ಲಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು, ಮನೆಗೆ ಕರ್ಕೊಂಡು ಹೋಗ್ತೀವಿ, ಹಾಕುವಾಗಲೂ ಎಡಗೈಯ ಮುಷ್ಟಿಯೊಳಗೆ ಬೆರಳು ಒತ್ತುತ್ತಲೇ ಇತ್ತು. ಮೇಲೂರಿನ ನಡುಮನೆಯಲ್ಲಿ ಒಂದೂವರೆ ದಿನ ಉಸಿರಾಡಿದರು, ಅಲ್ಲಿ ಬೆರಳು ಆಡಲಿಲ್ಲ.

ಮುರಳಿ, ನೀನು ಆಸ್ಪತ್ರೆಗೆ ಬಂದಿದ್ದಲ್ಲಪ್ಪ, ಮೂರನೇ ದಿನ. ಬಂದಿದ್ದೆ ಅಕ್ಕ, ಯಾಕೆ. ಇವರ ಎಡಗೈ ನೋಡಿದ್ಯಾ. ಮುರಳಿಮೋಹನ್ ಅವಳ ಮುಖ ನೋಡಿದ, ಪರದೆ ನೋಡಿದ, ಒಂಬತ್ತು ಪುಟದ ಮಾತಿನಿಂದ ಇದು ಎಲ್ಲಿಗೆ ಬಂತು ಎಂದು ಅವನಿಗೆ ತಿಳಿಯಲಿಲ್ಲ, ಆದರೂ ನೆನಪು ಮಾಡಿಕೊಂಡು ಹೇಳಿದ, ಇಲ್ಲಕ್ಕ, ಕೈ ಕಾಣ್ತಿರ್ಲಿಲ್ಲ, ನೀವು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರಿ ಅಂದ್ರೆ ಏನೂ ಕಾಣ್ತಿರ್ಲಿಲ್ಲ, ನಾನು ಮನೇಲಿ ಹೋಗಿ ಹೇಳ್ದೆ, ಹೆಂಡ್ತಿ ಅಂದ್ರೆ ಹಂಗಿರ್ಬೇಕು ಅಂತ. ಒಳ್ಳೆಯ ಮಾತು ಎಂದುಕೊಂಡೇ ಹೇಳಿದ, ಪಾಪ, ಹೇಳಿ ಎದ್ದು ಹೋದ, ಗಿರಾಕಿ ಬಂದಿದ್ದರು. ಅವಳು ಮೇಜಿನ ಕೆಳಗೆ ಎಡಗೈಯನ್ನು ಬಲಮುಷ್ಟಿಯೊಳಗೆ ಹಿಡಿದುಕೊಂಡಳು, ಕಣ್ಣು ಮುಚ್ಚಿದಳು, ಉಂಗುರದ ಬೆರಳು ಒತ್ತಿ ನೋಡಿದಳು, ಅಂಗೈ ನಡುವಿಗೆ ತಗುಲಿತು, ಕಸ, ಹೀಗಿತ್ತೇ, ಕಿರುಬೆರಳನ್ನು ಮೇಲಕ್ಕೆ ನೂಕಿ ನೋಡಿದಳು, ಅಂಗೈಯ ಅಂಚಿಗೆ ತಗುಲಿತು, ಕಟ, ಹೀಗಿತ್ತೇ, ಆಗಿನ ಅಂಗೈ ನೆನಪಿಟ್ಟುಕೊಂಡಿರಬೇಕಲ್ಲ, ಎರಡು ದಿನ ಹಿಡಿದಿತ್ತಲ್ಲ, ಕಸ ಎಂದರೆ ಬೆಂಗಳೂರಿಗೆ ಕರೆದುಕೊಂಡು ಹೋಗು ಕಣೇ, ಉಳಿಸಿಕೋ, ಕಟ ಎಂದರೆ ಸಾಕು, ಎದ್ದು ಹೋಗೋಣ, ಅಥವಾ ಏನೂ ಅಲ್ಲ, ಅಷ್ಟು ವರ್ಷ ಕೆಲಸ ಮಾಡಿದ ಬೆರಳು ಸುಮ್ಮನೆ ಕೆಲಸ ಮಾಡುತ್ತಿತ್ತು, ಹಾಗಿದ್ದರೆ ಎಷ್ಟು ಒಳ್ಳೆಯದು, ಹಾಗೇ ಇರಲಿ — ಮತ್ತೆ ಒತ್ತಿದಳು, ಈ ಸಲ ಬೆರಳಿಗೇ ಗೊಂದಲ, ಕ ಗೆ ಕಾಯದೆ ಒಂದೇ ಸಲಕ್ಕೆ ಒತ್ತಿಬಿಟ್ಟಿತು, ಹೊಸ ಆಜ್ಞೆ, ಮೂರು ವಾರಕ್ಕೇ ಇಷ್ಟು ಮರೆತಿದೆ, ಇನ್ನು ಮೂರು ವಾರಕ್ಕೆ ಪೂರ್ತಿ ಮರೆಯುತ್ತದೆ, ಆಮೇಲೆ ಯಾರನ್ನು ಕೇಳುವುದು.

ಅಕ್ಕ, ಊಟ ಮಾಡ್ಕೊಂಡು ಕೂತ್ಕೊಳ್ಳಿ, ಆತುರ ಇಲ್ಲ, ಆಚೆಯಿಂದ ಮುರಳಿಮೋಹನ್ ಕೂಗಿದ. ಆಯ್ತಪ್ಪ. ಊಟಕ್ಕೆ ಏಳಲಿಲ್ಲ. ಮೇಷ್ಟ್ರ ಗೆರೆ ಹಾಳೆಗಳನ್ನು ಮೊದಲಿನಿಂದ ಜೋಡಿಸಿಕೊಂಡಳು, ಬ ಅಳಿಸಿದಳು, ಮೊದಲ ಪುಟದ ಮೊದಲ ಸಾಲಿನಿಂದ ಹೊಡೆಯತೊಡಗಿದಳು, ಚಿಕ್ಕವೆಂಕಟಮ್ಮ ಹುಟ್ಟಿದಳು, ಶಾಲೆಗೆ ಹೋಗಲಿಲ್ಲ, ಹದಿನಾರಕ್ಕೆ ಮದುವೆಯಾಗಿ ಬಂದಳು, ಗಂಡನಿಂದ ಅಕ್ಷರ ಕಲಿತಳು, ಮೂರು ಮಕ್ಕಳನ್ನು ಹೆತ್ತಳು, ಬೆರಳು ಓಡಿತು, ಒಂದೊಂದು ಪುಟ ಮುಗಿದಾಗಲೂ ಬಲಗೈಯನ್ನು ತೊಡೆಗೆ ಇಳಿಸಿ ಎಡಗೈಯಿಂದ ಉಳಿಸಿದಳು, ಒಮ್ಮೆಯೂ ತಪ್ಪಲಿಲ್ಲ, ಎರಡು ಪುಟ, ಐದು ಪುಟ, ಕೈಗೆ ಬರುತ್ತಿದೆ, ಸುನೀಲ್ ಹೇಳಿದಂತೆಯೇ ಕೈಗೆ ಬರುತ್ತಿದೆ, ಪ್ರತಿ ಸಲ ಬಂದಾಗಲೂ ಎದೆಯೊಳಗೆ ಏನೋ ಒಂದು ಇಷ್ಟಿಷ್ಟೇ ಸವೆಯುತ್ತಿದೆ, ನಾಲ್ಕು ಗಂಟೆಯ ಹೊತ್ತಿಗೆ ಒಂಬತ್ತನೆಯ ಪುಟ, ಕೊನೆಯದಾಗಿ ಅವಳು ನನ್ನನ್ನು ಕೇಳಿದ್ದು ಇಷ್ಟೇ, ಮೇಷ್ಟ್ರೇ ನೀವು ಪುಣ್ಯವಂತರು, ಕಿವಿಯಿಂದ ಕೇಳಿದಿರಿ, ನಾನು ಅಂಗೈಯಿಂದ ಕೇಳಬೇಕಿತ್ತು, ಹಾಕಿರಲಿಲ್ಲ ಎನ್ನುವ ಕೊನೆಯ ಪದ ಹೊಡೆದು ಕಿರುಬೆರಳನ್ನು ಮೂಲೆಗೆ ಚಾಚಿದಳು, ಒತ್ತಿ ಹಿಡಿದಳು, ಮುಂದಕ್ಕೆ ಹೋಗಲಿಲ್ಲ, ಕಂಬಳಿ ನೀಲಿ, ಕಿಟಕಿಯ ಬೆಳಕು, ಮುಷ್ಟಿಯೊಳಗೆ ಅವರ ಕೈ ಬೆಚ್ಚಗೆ, ಕಿರುಬೆರಳು ಒತ್ತುತ್ತದೆ, ಕಾಯುತ್ತದೆ, ಇನ್ನೇನು ಆಡಬೇಕು, ಅಷ್ಟರಲ್ಲಿ ಅವಳು ಬಿಗಿ ಮಾಡುತ್ತಾಳೆ, ಮತ್ತೆ ಮೊದಲಿನಿಂದ, ಒತ್ತುತ್ತದೆ, ಕಾಯುತ್ತದೆ, ಅವಳು ಬಿಗಿ ಮಾಡುತ್ತಾಳೆ, ಒತ್ತುತ್ತದೆ, ಕಾಯುತ್ತದೆ, ಅವಳು ಬಿಗಿ ಮಾಡುತ್ತಾಳೆ